ಸಾವ್ಕಾರನ ಚಿಪ್ಪಿಗೆ ಎಣ್ಣೆ

ಗಂಗಾನಗರ
ಭಾನುವಾರ

ಪ್ರೀತಿಯ ಅತ್ತೆಯವರಿಗೆ ಹೊಸ ಸೊಸೆಯ ನಮಸ್ಕಾರ.

ಧಾರವಾಡಕ್ಕೆ ಹೊರಡುವಾಗ ನೀವು ಹೇಳಿದಂತೆಯೇ, ನೀವು ಪ್ರತಿ ಸೋಮವಾರ ಮಾಡುವ ಹಾಗೆ, ಈ ಸೋಮವಾರ ನಮ್ಮ ಆಮೆ ಸಾವ್ಕಾರನ ಚಿಪ್ಪಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಎಷ್ಟು ಮಿಂಚುತ್ತಿದ್ದ ಗೊತ್ತಾ! ಹೆಮ್ಮೆಯಿಂದ ಆಮೆ ಸಾಕುವವರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದೆ.

"ಏನ್ ಮೇಡಂ, ಆಮೆಗೆ ಒಗ್ಗರಣೆ ಹಾಕ್ತಿದ್ದೀರಾ?" ಅಂತ ಒಬ್ಬರು. "ಅಂಚಲ್ಲಿ ಬಿಳಿ ಕಲೆ ಇದೆ, ಕಾಣ್ಸಲ್ವಾ ನಿಮ್ಗೆ?" ಅಂತ ಇನ್ನೊಬ್ಬರು. ನನಗೆ ಅಳುವೇ ಬಂತು.

ನಿಮ್ಮ ಮಗನ ಜೊತೆ ಹೆಬ್ಬಾಳದ ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಬಹಳ ಕಾಲದ ಎಣ್ಣೆಗೆ ಕೊಳೆ ಅಂಟಿ ಬೂಷ್ಟು ಹಿಡಿದಿದೆಯಂತೆ. ಮುಲಾಮಿಗೆ ವಾಸಿಯಾಗುತ್ತದೆ, ಆದರೆ ಇನ್ನು ಎಣ್ಣೆ ಬೇಡವೇ ಬೇಡ ಎಂದರು. "ಅವ್ವಗ ಹೇಳಬ್ಯಾಡ, ಬ್ಯಾಸರ ಮಾಡ್ಕೋತಾಳ" ಎಂದರು ನಿಮ್ಮ ಮಗ. ಫೋನಿನಲ್ಲಿ ಹೇಳಲು ನನಗೂ ಧೈರ್ಯ ಬರಲಿಲ್ಲ.

ಆದರೆ ಆ ಡಾಕ್ಟರಿಂದಲೇ ಇನ್ನೊಂದು ವಿಷಯ ತಿಳಿದ ಮೇಲೆ ಬರೆಯದೆ ಇರಲಾರೆ! ಚಿಪ್ಪು ಕಲ್ಲಿನ ಹಾಗೆ ಬರೀ ಗಟ್ಟಿ ಅಂದುಕೊಂಡಿದ್ದೆ. ಮುಟ್ಟಿದ್ದು ಅದಕ್ಕೆ ತಿಳಿಯುತ್ತಂತೆ ಅತ್ತೆ! ನಾನು ಎಣ್ಣೆ ಹಚ್ಚುವಾಗ ಸಾವ್ಕಾರ ತಲೆ ಒಳಗೆಳೆದುಕೊಂಡ. ನೀವು ಹಚ್ಚುವಾಗ ಕತ್ತು ಚಾಚಿ ಕೂರುತ್ತಿದ್ದ. ಇಷ್ಟು ವರ್ಷ ಅವನು ಕಾಯುತ್ತಿದ್ದದ್ದು ಎಣ್ಣೆಗಲ್ಲ, ನಿಮ್ಮ ಕೈಗೇ ಇರಬೇಕು.

ವಾಸಿಯಾದ ಮೇಲೆ ಅವನನ್ನು ಬರಿಗೈಯಲ್ಲೇ ಸವರಿ. ಎಣ್ಣೆ ಬಾಟಲಿ ಎತ್ತಿಟ್ಟಿದ್ದೇನೆ. ನೀವು ಬಂದ ಸೋಮವಾರ ನನ್ನ ತಲೆಗೆ ಹಚ್ಚುತ್ತೀರಾ? ನಾನೂ ಕತ್ತು ಚಾಚಿ ಕೂರುತ್ತೇನೆ.

ನಿಮ್ಮ
ಪ್ರತಿಭಾ