ಬೆಳಗಿನ ಅಂಗಡಿ

ತಲಕಾಡು
ಸೋಮವಾರ

ಸಂಘದ ಹೇಮಲತಾ ಮೇಡಂ ಅವರಿಗೆ ಬೆಸ್ತರ ಬೀದಿಯ ನಿಂಗರಾಜಮ್ಮ ಮಾಡುವ ನಮಸ್ಕಾರಗಳು.

ನೀವು ಹಾಕಿಸಿಕೊಟ್ಟ ಮೀನಿನ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ದೂರು ಏನಿಲ್ಲ. ಆದರೆ ಇನ್ನು ಮೇಲೆ ಅದನ್ನು ಸಂಜೆ ಮಾತ್ರ ತೆಗೆಯುವ ಹಾಗೆ ಮಾಡಿಕೊಡಬೇಕು.

ಮೊದಲು ನಾನೂ ನಮ್ಮ ಯಜಮಾನರೂ ಒಂದೇ ತೆಪ್ಪದಲ್ಲಿ ಹೊಳೆಗೆ ಹೋಗುತ್ತಿದ್ದೆವು. ನಾನು ಹುಟ್ಟು ಹಾಕುತ್ತಿದ್ದೆ, ಅವರು ಬಲೆ ಬಿಡುತ್ತಿದ್ದರು. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ. ಅಂಗಡಿ ಬಂದ ಮೇಲೆ ಬೆಳಗಿನ ಹೊತ್ತು ನಾನು ಅಲ್ಲಿ ಕೂರುತ್ತೇನೆ, ಅವರು ಒಬ್ಬರೇ ಹೋಗುತ್ತಾರೆ. ಅವರಿಗೆ ಫಿಟ್ಸ್ ಇದೆ ಮೇಡಂ. ನಿಮ್ಮ ಆರೋಗ್ಯ ಶಿಬಿರದಲ್ಲಿ ಡಾಕ್ಟರು ಕೇಳಿದರೆ ಇಲ್ಲ ಅಂದುಬಿಟ್ಟರು. ಹಿಂದೆ ತೆಪ್ಪದಲ್ಲೇ ಬಂದಿತ್ತು, ನಾನಿದ್ದೆ, ಹಿಡಿದುಕೊಂಡೆ. ಈಜು ಚೆನ್ನಾಗಿ ಬರುತ್ತದೆ, ಆದರೆ ಆ ಹೊತ್ತಿನಲ್ಲಿ ಅವರಿಗೆ ಎಚ್ಚರ ಇರುವುದಿಲ್ಲ.

ನಾನೂ ಬರುತ್ತೇನೆ ಅಂದರೆ ನಗುತ್ತಾರೆ. "ಸುಮ್ಕಿರಮ್ಮಿ, ನಾನೇನು ಮದ್ವೆಗೆ ಓಯ್ತಾ ಇದ್ದೀನಾ ಜೊತೇಲಿ ಕರ್ಕೊಂಡೋಗಕ್ಕೆ? ಅಂಗ್ಡಿ ಬುಟ್ಟು ಬಂದ್ರೆ ಆ ಮೇಡಮ್ಮು ಉಗಿಯಾಕಿಲ್ವಾ?" ಅನ್ನುತ್ತಾರೆ.

ಅದಕ್ಕೇ ಬೆಳಿಗ್ಗೆ ಮುಚ್ಚಬೇಕು ಎಂದು ನೀವೇ ಹೇಳಿದ ಹಾಗೆ ಆಗಲಿ. ಫಿಟ್ಸ್ ವಿಷಯ ಎತ್ತಬೇಡಿ, ಮೀನಿನ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಎಂದು ಅವರಿಗೆ ಭಯ. ಮುಂದಿನ ಶಿಬಿರಕ್ಕೆ ನಾನೇ ಒಪ್ಪಿಸಿ ಕರೆತರುತ್ತೇನೆ.

ಮನೆಯಲ್ಲಿರುವುದು ಒಂದೇ ಫೋನು, ಅದೂ ಅವರ ಜೇಬಿನಲ್ಲಿ. ಆದ್ದರಿಂದ ಈ ಕಾಗದವನ್ನು ಪಕ್ಕದ ಮನೆಯ ಹುಡುಗಿ ಪವಿತ್ರಳ ಕೈಲಿ ಕಳಿಸಿದ್ದೇನೆ. ಇವತ್ತು ಸಂಜೆಯೇ ಅವರಿಗೆ ಫೋನು ಮಾಡಿ ಹೇಳಿ. ಬೆಳಿಗ್ಗೆ ಮಾಡಬೇಡಿ. ಹೊಳೆಯ ಮೇಲಿದ್ದು ಎತ್ತದೇ ಹೋದರೆ ನೀವೂ ಗಾಬರಿಯಾಗುತ್ತೀರಿ.

ಇಂತಿ,
ನಿಂಗರಾಜಮ್ಮ