ಶೀರ್ಷಿಕೆ ಗೀತೆ ಹಾಗೇ ಇರಲಿ

ನಿರ್ದೇಶಕರಿಗೆ ನಮಸ್ಕಾರ.

ಧಾರಾವಾಹಿಯ ದೊಡ್ಡ ಮಗಳ ಪಾತ್ರವನ್ನು ಬೇರೆಯವರಿಗೆ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಒಂಬತ್ತು ವರ್ಷ ಮಾಡಿದೆ, ಸಾಕು. ನಾನು ಹಾಡಿದ ಶೀರ್ಷಿಕೆ ಗೀತೆಯನ್ನು ಮಾತ್ರ ಸದ್ಯಕ್ಕೆ ಬದಲಿಸಬೇಡಿ.

ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಟಿವಿಗೆ ಕಿವಿಗೊಟ್ಟು ಕೂರುತ್ತಾರೆ. ಪಾತ್ರ ಹೋದದ್ದನ್ನು ಅವರಿಗೆ ಹೇಳಿಲ್ಲ. ನಿನ್ನೆ ಹೊಸ ಹುಡುಗಿಯ ಮಾತು ಕೇಳಿ, "ಏನೇ, ಗಂಟಲು ಕೆಡಿಸ್ಕೊಂಡಿದ್ದೀಯಾ? ತಣ್ಣೀರು ಕುಡೀಬೇಡ ಅಂದ್ರೆ ಕೇಳಲ್ಲ," ಎಂದು ನನ್ನನ್ನು ಬೈದರು.

"ಶೂಟಿಂಗ್ ದಿನ ನೆಗಡಿಯಿತ್ತಪ್ಪಾ," ಎಂದೆ.

ಕಂತಿನ ಕೊನೆಯಲ್ಲಿ ಶೀರ್ಷಿಕೆ ಗೀತೆ ಮತ್ತೆ ಬಂದಾಗ, "ಹಾಡಿಗೇನೂ ಆಗಿಲ್ಲ, ಸದ್ಯ," ಎಂದರು.

ಇನ್ನೊಂದು ಕೋರಿಕೆ. ಆ ಹುಡುಗಿ "ಅಪ್ಪಾ" ಎಂದ ಮೇಲೆ ಒಂದು ಕ್ಷಣ ಸುಮ್ಮನಿರಲಿ. ನಾನು ಹಾಗೆ ಮಾಡುತ್ತಿದ್ದೆ. ಆಗ ಇಲ್ಲಿ ಅಪ್ಪ ಕುರ್ಚಿಯಿಂದಲೇ, "ಹೇಳು ಮಗಳೇ," ಎನ್ನುತ್ತಾರೆ.

ಇಂತಿ,
ನಿಮ್ಮ ಹಿಂದಿನ ದೊಡ್ಡ ಮಗಳು