ಹಾಜರಿಯ ಕೊನೆಯ ಹೆಸರು

೯ ಆಗಸ್ಟ್ ೧೯೯೭, ಶನಿವಾರ

ಹಾಳಾದ ನಿದ್ದೆ ಬರುತ್ತಿಲ್ಲ. ಹತ್ತನೇ ಕ್ಲಾಸಿನ ನನ್ನನ್ನು ಇಂದಿರಾನಗರದ ಕಾಲೇಜಿನ ಬಿ.ಎಸ್ಸಿ. ಗಣಿತ ಪಾಠಕ್ಕೆ ಕೂರಿಸಿಕೊಂಡವರು ಅಲಮೇಲು ಮೇಡಂ. ಅಲ್ಲಿಯ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಆದರೂ ಪ್ರತಿ ಶನಿವಾರ ಎಲ್ಲರ ಹಾಜರಿ ಮುಗಿಸಿ, ಪುಸ್ತಕ ಮುಚ್ಚಿ, "ನಮ್ಮ ವಿಭಾ ಬಂದಿದ್ದಾಳಾ?" ಅನ್ನುತ್ತಿದ್ದರು. ಸ್ಕೂಲ್ ಯೂನಿಫಾರ್ಮಿನಲ್ಲೇ ಎದ್ದು "ಪ್ರೆಸೆಂಟ್ ಮೇಡಂ" ಅಂದರೆ ಹಿಂದಿನ ಬೆಂಚು ನಗುತ್ತಿತ್ತು. ನಗಲಿ.

ಸೋಮವಾರ ಮೇಡಂ ತೀರಿಕೊಂಡರು. ಇವತ್ತು ಹೊಸ ಮೇಷ್ಟ್ರು ಬಂದಿದ್ದರು. ಅವರು ಪುಸ್ತಕ ಮುಚ್ಚಿದಾಗ ಅಭ್ಯಾಸಬಲದಿಂದ ಅರ್ಧ ಎದ್ದುಬಿಟ್ಟೆ.

"ಯಾಕಮ್ಮಾ, ಯಾರ ಹೆಸರಾದ್ರೂ ಬಿಟ್ಟೋಯ್ತಾ?"

ಹಿಂದಿನ ಬೆಂಚು ನಗಲಿಲ್ಲ. ನನ್ನ ನಾಲಿಗೆ ತುದಿಗೆ ಮೇಡಂ ಹೆಸರೇ ಬಂತು.

"ಇಲ್ಲ ಸಾರ್" ಅಂದು ಕೂತುಬಿಟ್ಟೆ.